ವಾಸನೆಯಿಲ್ಲದ ಸಮುದ್ರ ಕೋರಿ ಒಂದು ಬಹಿರಂಗ ಪತ್ರ

ಕೋವಳಂ ಗ್ರಾಮದ ಸಮಸ್ತ ಮೀನುಗಾರ ಬಂಧುಗಳಿಗೆ, ಬೆಂಗಳೂರು ರಾಜಾಜಿನಗರದಿಂದ ಎರಡು ದಿನದ ಮಟ್ಟಿಗೆ ನಿಮ್ಮೂರಿಗೆ ಬಂದುಹೋದ ಪ್ರವಾಸಿಯ ನಮಸ್ಕಾರಗಳು. ನಾವೆಲ್ಲ ಕ್ಷೇಮವಾಗಿ ಮನೆ ಸೇರಿದ್ದೇವೆ. ಕಾರಿನ ಸೀಟಿನ ಸಂದಿಯಿಂದ ನಿಮ್ಮೂರಿನ ಮರಳು ಇನ್ನೂ ಉದುರುತ್ತಿದೆ.

ನಿಮಗೆ ಕನ್ನಡ ಬಾರದೆಂದು ಗೊತ್ತಿದ್ದೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಬಹಿರಂಗ ಪತ್ರದ ಪದ್ಧತಿಯೇ ಹಾಗೆ. ಯಾರಿಗೆ ಬರೆದದ್ದೋ ಅವರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಓದುತ್ತಾರೆ.

ಮೊದಲು ಒಳ್ಳೆಯ ಮಾತು ಆಡಿಬಿಡುತ್ತೇನೆ. ನಿಮ್ಮೂರಿನ ಸಮುದ್ರ ಚೆನ್ನಾಗಿದೆ. ಚೆನ್ನೈನಿಂದ ನಲವತ್ತು ಕಿಲೋಮೀಟರು, ಈಸಿಆರ್ ರಸ್ತೆ ಬೆಣ್ಣೆಯ ಹಾಗಿದೆ. ತಕರಾರೇನಿದ್ದರೂ ಸಮುದ್ರದ ಪಕ್ಕದಲ್ಲಿ ನೀವು ಇರುವುದರ ಬಗ್ಗೆ.

ನಮ್ಮನ್ನು ಕರೆತಂದದ್ದು ನಮ್ಮ ಭಾವ, ಅಕ್ಕನ ಯಜಮಾನರು. ಮದರಾಸು ಸೇರಿ ಮೂವತ್ತೆರಡು ವರ್ಷ, ಮನೆ ತಿರುವಾನ್ಮಿಯೂರಿನಲ್ಲಿ. ಬೇಸಿಗೆ ರಜ ಬಂತೆಂದರೆ ಊರಿನಿಂದ ಬಂದವರಿಗೆಲ್ಲ ಬೀಚು ತೋರಿಸಿ ತೋರಿಸಿ ಅವರಿಗೆ ಸಮುದ್ರದ ಮೇಲೆ ಅಕ್ಕರೆಯೂ ನೆಂಟರ ಮೇಲೆ ಬೇಸರವೂ ಹುಟ್ಟಿದೆ. ಪ್ರತಿಯೊಂದಕ್ಕೂ ಒಂದು ಇಸವಿ, ಒಂದು ಸರ್ಕಾರಿ ಆದೇಶ ಹೇಳುತ್ತಾರೆ. ರಜ ಹಾಳಾಗಲು ಅರ್ಧ ಕಾರಣ ಅವರೇ. ಇನ್ನರ್ಧ ನೀವು.

ಸೋಮಾರಿತನದಿಂದಲೇ ಶುರುಮಾಡುತ್ತೇನೆ. ಇಡ್ಲಿ, ಪೊಂಗಲ್ ಎಲ್ಲ ಮುಗಿಸಿ ಬೆಳಗ್ಗೆ ಹನ್ನೊಂದಕ್ಕೆ ನಾವು ಮೀನುಗಾರಿಕೆ ನೋಡಲು ಬಂದೆವು. ನೀವೋ ದೋಣಿಯ ನೆರಳಿನಲ್ಲಿ ಟವೆಲು ಮುಖಕ್ಕೆ ಹಾಕಿಕೊಂಡು ಮಲಗಿದ್ದಿರಿ! ಕೆಲಸದ ಹೊತ್ತಿನಲ್ಲಿ ಇದೇನು ಎಂದೆ. "ರಾತ್ರಿ ಎರಡೂವರೆಗೆ ಕಡಲಿಗೆ ಇಳಿದವರು, ಈಗಷ್ಟೇ ಮಲಗಿದ್ದಾರೆ, ಮೆತ್ತಗೆ ಮಾತಾಡು" ಎಂದರು ಭಾವ. ಶಿಫ್ಟು ಬದಲಾಯಿಸಿಕೊಳ್ಳಬಹುದಲ್ಲ ಎಂದೆ. ಐಟಿ ಕಂಪನಿಯವರು ಅಮೆರಿಕದ ಹೊತ್ತಿಗೆ ತಕ್ಕಂತೆ ನಿದ್ದೆ ಹೊಂದಿಸಿಕೊಳ್ಳುವುದಿಲ್ಲವೇ? "ಮೀನಿಗೆ ಮೇಲ್ ಹಾಕಿ ನೋಡು" ಎಂದರು. ವಾಡೈ ಬೀಸಿದರೆ ಒಂದು ಲೆಕ್ಕ, ಕಚ್ಚಾನ್ ಬೀಸಿದರೆ ಇನ್ನೊಂದು, ಕೊಂಡಲ್ ಬಂದರೆ ಮತ್ತೊಂದು ಎಂದು ನಿಮ್ಮ ಗಾಳಿಗಳ ಹೆಸರನ್ನೆಲ್ಲ ಒಪ್ಪಿಸಿದರು. ನಮಗೆ ಬೇಕಿದ್ದದ್ದು ತಂಗಾಳಿ ಒಂದೇ.

ಆಮೇಲೆ ವಾಸನೆ. ಮೀನುಗಾರರ ಊರು ಎಂದರೆ ಮೀನಿರುತ್ತದೆಂಬ ಅಂದಾಜು ನಮಗೂ ಇತ್ತು. ಅದು ಮೂಗಿನವರೆಗೆ ಬರುತ್ತದೆಂದು ಯಾರೂ ಮುನ್ಸೂಚನೆ ಕೊಟ್ಟಿರಲಿಲ್ಲ. ದಾರಿಯ ಪಕ್ಕ ನೀಲಿ ಟಾರ್ಪಾಲು ಹಾಸಿ ಒಬ್ಬ ಅಜ್ಜಿ ನೆತ್ತಿಲಿ ಒಣಹಾಕಿದ್ದರು. ಬೆರಳುದ್ದದ ಬೆಳ್ಳಿ ಮೀನು, ಒಂದರ ಮೇಲೊಂದು ಬೀಳದ ಹಾಗೆ ಹರಡಿ, ಹತ್ತು ನಿಮಿಷಕ್ಕೊಮ್ಮೆ ಅಂಗೈಯಿಂದ ಮಗುಚುತ್ತಿದ್ದರು. ಇನ್ನೊಂದು ಕೈಯಲ್ಲಿ ಉದ್ದನೆಯ ಕೋಲು, ಕಾಗೆ ಓಡಿಸಲಿಕ್ಕೆ. ನನ್ನ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಫೋಟೋಗೆ ನಿಂತಳು. ಸಮುದ್ರ ಬರಬೇಕು, ಬಣ್ಣದ ದೋಣಿ ಬರಬೇಕು, ಆದರೆ ಆ ಟಾರ್ಪಾಲು ಅಡ್ಡ ಬರುತ್ತಿತ್ತು. ಸ್ವಲ್ಪ ಆಚೆ ಎಳೆದುಕೊಳ್ಳಿ ಎಂದು ನಾನು ವಿನಯದಿಂದಲೇ ಸನ್ನೆ ಮಾಡಿದೆ. ಅಜ್ಜಿ ನನ್ನನ್ನೂ ಆಕಾಶವನ್ನೂ ನೋಡಿ ತಮಿಳಿನಲ್ಲಿ ಸುಮಾರು ಒಂದು ನಿಮಿಷ ಮಾತಾಡಿದರು. ಏನಂತೆ ಎಂದು ಕೇಳಿದರೆ ಭಾವ, "ಆಗಲ್ಲವಂತೆ" ಎಂದಷ್ಟೇ ಅಂದರು. ಒಂದು ನಿಮಿಷದ ಮಾತು ಅಷ್ಟು ಚಿಕ್ಕದಾಗಿರಲಿಕ್ಕಿಲ್ಲ ಎಂಬ ಗುಮಾನಿ ನನಗೆ ಈಗಲೂ ಇದೆ.

ವಾಸನೆ ತಡೆಯಲಾರದೆ ಅಲ್ಲಿಂದ ಮುತ್ತುಕಾಡಿನ ದಕ್ಷಿಣಚಿತ್ರಕ್ಕೆ ಹೋದೆವು. 1996ರಲ್ಲಿ ತೆರೆದ ಮ್ಯೂಸಿಯಂ. ದಕ್ಷಿಣದ ರಾಜ್ಯಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು ಕಟ್ಟಿ ನಿಲ್ಲಿಸಿದ್ದಾರೆ. ನಮ್ಮ ಇಳಕಲ್ಲಿನ ನೇಕಾರರ ಮನೆಯೂ ಇದೆ. ಟಿಕೆಟ್ ಕೊಂಡು ಒಳಹೊಕ್ಕು ಆ ಮನೆಯ ಮುಂದೆ ಎಷ್ಟು ಹೊತ್ತು ನಿಂತೆವು ಗೊತ್ತೆ! ಕಲ್ಲು, ಮಗ್ಗ, ನೆರಳು. ನನ್ನ ಹೆಂಡತಿಗೆ ಕಣ್ಣೀರೇ ಬಂತು. "ಇಳಕಲ್ಲಿಗೆ ಯಾವತ್ತಾದರೂ ಹೋಗಿದ್ದೀರಾ?" ಎಂದು ಭಾವ ಕೇಳಿದರು. ಇಲ್ಲ, ಯಾಕೆ ಹೋಗಬೇಕು, ಇಲ್ಲೇ ಇಷ್ಟು ಚೊಕ್ಕಟವಾಗಿ ಇಟ್ಟಿದ್ದಾರಲ್ಲ. ನೀವೂ ಇದನ್ನು ಯೋಚಿಸಬೇಕು. ನಿಮ್ಮದೊಂದು ಮನೆ, ಒಂದು ದೋಣಿ, ತೊಳೆದ ಬಲೆ ಒಂದು, ವಾಸನೆ ತೆಗೆದ ಮೀನು ನಾಲ್ಕು ಅಲ್ಲಿಟ್ಟರೆ ನಾವೆಲ್ಲ ಟಿಕೆಟ್ ಕೊಂಡು ನೋಡಿ ಗೌರವಿಸುತ್ತೇವೆ.

ಈಗ ಊಟದ ವಿಷಯ. ಮೇ ತಿಂಗಳಲ್ಲಿ, ಮಕ್ಕಳಿಗೆ ರಜ ಇರುವಾಗ, ಕಡಲ ದಡದಲ್ಲಿ ಕೂತು ವಂಜರಂ ತಿನ್ನಬೇಕೆಂದು ಜನವರಿಯಿಂದ ಹೇಳಿಕೊಂಡಿದ್ದೆವು. ವಂಜರಂ ಎಂದರೆ ನಮ್ಮ ಅಂಜಲ್. ಬೆಲೆ ಕೇಳಿ ಹೌಹಾರಿದೆವು. ಏಪ್ರಿಲ್ 15ರಿಂದ ಜೂನ್ 14ರವರೆಗೆ ಪೂರ್ವ ಕರಾವಳಿಯಲ್ಲಿ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದಂತೆ, ಮೀನು ಮರಿ ಮಾಡುವ ಕಾಲವಂತೆ. ನಿಮ್ಮಂಥ ಸಣ್ಣ ಫೈಬರ್ ದೋಣಿಯವರು ತರುವುದಷ್ಟೇ ಸಿಗುವುದು. ನಮ್ಮ ಮಂಗಳೂರು, ಮಲ್ಪೆ ಕಡೆ ಈ ನಿಷೇಧವನ್ನು ಜೂನ್, ಜುಲೈಗೆ ಇಟ್ಟುಕೊಂಡಿದ್ದಾರೆ. ಶಾಲೆ ಶುರುವಾದ ಮೇಲೆ! ಮೀನಿಗೂ ಪ್ರವಾಸಿಗೂ ತೊಂದರೆಯಿಲ್ಲ. ನಿಮ್ಮ ಕಡೆಯ ಮೀನುಗಳಿಗೆ ಈ ಹೊಂದಾಣಿಕೆ ಯಾಕಿಲ್ಲ?

ಹೊಟ್ಟೆಪಾಡಿಗೇನು ಮಾಡುತ್ತಾರೆ ಎಂದು ಭಾವನವರನ್ನು ಕೇಳಿದೆ. ತಮಿಳುನಾಡು ಸರ್ಕಾರ ನಿಷೇಧದ ಅವಧಿಗೆಂದು ಕುಟುಂಬಕ್ಕೆ 8000 ರೂಪಾಯಿ ಕೊಡುತ್ತದಂತೆ. ನಾನು ಅಲ್ಲೇ ಮೊಬೈಲಿನಲ್ಲಿ ಲೆಕ್ಕ ಹಾಕಿದೆ: ದಿನಕ್ಕೆ 131 ರೂಪಾಯಿ, ಮೇಲೆ ಚಿಲ್ಲರೆ. ಸುಮ್ಮನೆ ಮನೆಯಲ್ಲಿ ಕೂತಿದ್ದಕ್ಕೆ! ಇಂಥ ಬಿಟ್ಟಿ ಭಾಗ್ಯಗಳಿಂದಲೇ ದೇಶ ಹಾಳಾಗುತ್ತಿದೆ ಎಂದು ಒಂದು ಭಾಷಣವನ್ನೇ ಬಿಗಿದೆ. ನಾವು ಕೂತಿದ್ದ ರೆಸಾರ್ಟಿನಲ್ಲಿ ಒಂದು ಫಿಲ್ಟರ್ ಕಾಫಿಗೆ 240 ರೂಪಾಯಿ, ತೆರಿಗೆ ಬೇರೆ. ಭಾವ ಬಿಲ್ಲನ್ನು ನನ್ನ ಕಡೆಗೆ ಸರಿಸಿದರು. ಅದಕ್ಕೂ ಇದಕ್ಕೂ ಏನು ಸಂಬಂಧವೋ ತಿಳಿಯಲಿಲ್ಲ.

ನಿಮ್ಮೂರಿಗೆ ಇಷ್ಟು ಇತಿಹಾಸವಿದೆಯೆಂದು ನನಗೆ ಗೊತ್ತಿರಲಿಲ್ಲ, ನೀವೂ ಬೋರ್ಡು ಹಾಕಿಲ್ಲ. 1720ರ ದಶಕದಲ್ಲಿ, ಇವತ್ತಿನ ಬೆಲ್ಜಿಯಂನ ಆಸ್ಟೆಂಡ್ ಎಂಬ ಬಂದರಿನ ಕಂಪನಿಯೊಂದು ಇಲ್ಲಿ ವ್ಯಾಪಾರಕ್ಕೆ ಬಂದು ಕೂತಿತ್ತಂತೆ. ಆಮೇಲೆ ನವಾಬರ ಕೋಟೆ, ಅದು ಫ್ರೆಂಚರ ಕೈಗೆ, 1752ರಲ್ಲಿ ರಾಬರ್ಟ್ ಕ್ಲೈವ್ ಬಂದು ಹಿಡಿದು ಕೆಡವಿಹಾಕಿದ. ಆ ಕೋಟೆಯ ಜಾಗದಲ್ಲಿ ಈಗ ಪಂಚತಾರಾ ಹೋಟೆಲಿದೆ, ಅದರ ಹೆಸರಿನಲ್ಲೇ ಮೀನುಗಾರನಿದ್ದಾನೆ. ನಿಮಗೆ ಇದಕ್ಕಿಂತ ದೊಡ್ಡ ಮರ್ಯಾದೆ ಏನು ಬೇಕು? ಇಷ್ಟೆಲ್ಲ ನಡೆಯುವಾಗ ಈ ಊರಿನವರು ಏನು ಮಾಡುತ್ತಿದ್ದರು ಎಂದು ಕೇಳಿದೆ. "ಮೀನು ಹಿಡಿಯುತ್ತಿದ್ದರು. ಕಂಪನಿಯವರ ಸಾಮಾನನ್ನು ಅಲೆ ದಾಟಿಸಿ ದಡಕ್ಕೆ ತರಲು ಬೇರೆ ಯಾರಿಗೆ ಬರುತ್ತಿತ್ತು?" ಎಂದರು ಭಾವ.

ಕಟ್ಟುಮರದ ವಿಷಯಕ್ಕೆ ಮಾತ್ರ ನಾನು ಅವರನ್ನು ಸೋಲಿಸಿದೆ. ಇಂಗ್ಲಿಷಿನವರ ಕ್ಯಾಟಮರಾನ್ ಎಂಬ ಪದ ಇಲ್ಲಿಂದ ಹೋದದ್ದು. ಕಟ್ಟು ಎಂದರೂ ಮರ ಎಂದರೂ ಅಪ್ಪಟ ಕನ್ನಡ, ಆದ್ದರಿಂದ ಅದು ನಮ್ಮದೇ ಪದ ಎಂದೆ. ಭಾವ ಸುತ್ತಮುತ್ತ ನೋಡಿ, ಇದನ್ನು ಇಲ್ಲಿ ಮೆತ್ತಗೆ ಹೇಳು ಎಂದರು. ಇಷ್ಟಾದರೂ ನಮ್ಮ ಹುಡುಗನಿಗೆ ತೋರಿಸೋಣವೆಂದರೆ ಕಟ್ಟುಮರಗಳೇ ಇರಲಿಲ್ಲ, ಇದ್ದವೆಲ್ಲ ಫೈಬರ್ ದೋಣಿ. ಸುನಾಮಿಯ ನಂತರ ದಾನವಾಗಿ ಬಂದವು ಬಹಳವಂತೆ.

ಸುನಾಮಿಯ ಮಾತು ಬಂದದ್ದರಿಂದ ಒಂದು ಸಂಗತಿ. 2004ರ ಡಿಸೆಂಬರ್ 26ರ ಅಲೆ ಹೋದ ಮೂರು ತಿಂಗಳಿಗೆ ಸರ್ಕಾರ ಒಂದು ಆದೇಶ ಹೊರಡಿಸಿತಂತೆ. ಸಮುದ್ರದಿಂದ 200 ಮೀಟರಿನೊಳಗೆ ಇರುವವರು ಆಚೆ ಹೋಗಲು ಒಪ್ಪಿದರೆ ಹೊಸ ಮನೆ, ಒಲ್ಲೆನೆಂದರೆ ಇದ್ದಲ್ಲೇ ಇರಬಹುದು, ಮನೆಗೆ ನೆರವಿಲ್ಲ. ಎಷ್ಟು ಕಾಳಜಿ ನೋಡಿ! 2019ರ ಜನವರಿಯಲ್ಲಿ ಕೇಂದ್ರದ ಕರಾವಳಿ ನಿಯಂತ್ರಣ ವಲಯದ ಹೊಸ ಅಧಿಸೂಚನೆ ಬಂತು. ಜನಸಾಂದ್ರತೆ ಹೆಚ್ಚಿರುವ ಹಳ್ಳಿಗಳ ಕಡಲ ದಂಡೆಯಲ್ಲಿ ಕಟ್ಟಡ ಕಟ್ಟಬಾರದ ಪಟ್ಟಿ 200 ಮೀಟರಿನಿಂದ 50 ಮೀಟರಿಗೆ ಇಳಿಯಿತು. ಹದಿನಾಲ್ಕೇ ವರ್ಷದಲ್ಲಿ ಸಮುದ್ರ 150 ಮೀಟರಿನಷ್ಟು ಸಾಧುವಾಗಿದೆ. ನಮ್ಮ ರೂಮಿನ ಬಾಲ್ಕನಿಯಿಂದ ಕೈಚಾಚಿದರೆ ಅಲೆ ಸಿಗುವ ಹಾಗಿತ್ತು. ನಿಮಗೆ ಅಪಾಯವಾಗುವ ಅಲೆ ರೂಮು ಬುಕ್ ಮಾಡಿದವರಿಗೆ ಏನೂ ಮಾಡುವುದಿಲ್ಲವೆಂಬುದು ನೆಮ್ಮದಿಯ ವಿಷಯ.

ನಿಮ್ಮ ಮರೀನಾದ ನೆಂಟರದೂ ಇದೇ ಕಥೆ. ವಾಪಸು ಬರುವಾಗ ನೊಚ್ಚಿಕುಪ್ಪ ಎಂಬ ಮೀನುಗಾರರ ಕೇರಿಯ ಲೂಪ್ ರಸ್ತೆಯಲ್ಲಿ ಹಾದೆವು. ರಸ್ತೆಯ ಬದಿಯಲ್ಲಿ ಮೀನು ಮಾರಿದರೆ ವಾಹನಕ್ಕೆ ಅಡ್ಡಿಯೆಂದು 2023ರ ಏಪ್ರಿಲಿನಲ್ಲಿ ಹೈಕೋರ್ಟಿನ ಆದೇಶದ ಮೇಲೆ ಅಂಗಡಿ ತೆಗೆಸಿದರು, ಹೆಂಗಸರು ರಸ್ತೆಗಿಳಿದರು, ದೋಣಿಗಳನ್ನು ಅಡ್ಡ ಇಟ್ಟರು. ಮರುವರ್ಷ ಆಗಸ್ಟಿನಲ್ಲಿ ಹೊಸ ಮಾರುಕಟ್ಟೆ ಕಟ್ಟಡ ಬಂತು. ರಸ್ತೆ ಎಂದ ಮೇಲೆ ಕಾರು ಹೋಗಬೇಕಲ್ಲವೇ ಎಂದೆ. "ಕುಪ್ಪದೊಳಗೆ ರಸ್ತೆ ಬಂತೋ, ರಸ್ತೆಯೊಳಗೆ ಕುಪ್ಪ ಬಂತೋ?" ಎಂದರು ಭಾವ. ಒಗಟು ಬಿಡಿಸುವ ವಯಸ್ಸಲ್ಲ ನನ್ನದು.

ನಿಮ್ಮೂರಲ್ಲಿ ನನಗೆ ಪೂರ್ತಿ ಹಿಡಿಸಿದ ಜಾಗ ಒಂದೇ, ಬ್ಲೂ ಫ್ಲ್ಯಾಗ್ ಹಾರಿಸಿರುವ ಪಟ್ಟಿ. 33 ಮಾನದಂಡ, ಚೊಕ್ಕಟ ಬೀಚೆಂದು ಡೆನ್ಮಾರ್ಕಿನ ಸಂಸ್ಥೆಯ ಪ್ರಮಾಣಪತ್ರ, 2021ರಲ್ಲಿ ನಿಮಗೆ ಸಿಕ್ಕಿದ್ದು. ನಮ್ಮ ಪಡುಬಿದ್ರಿ, ಹೊನ್ನಾವರದ ಕಾಸರಕೋಡುಗಳಿಗೆ ಒಂದು ವರ್ಷ ಮೊದಲೇ ಸಿಕ್ಕಿತೆಂದು ಹೇಳದೆ ಇರಲಾರೆ. ಅಲ್ಲಿ ಕಾಲುದಾರಿ ಇದೆ, ಸ್ನಾನದ ಕೋಣೆ ಇದೆ, ಕಸದ ಡಬ್ಬಿ ಇದೆ. ನಿಮ್ಮ ಊರಿನ ಹುಡುಗರೂ ಇದ್ದಾರೆ, ಸರ್ಫಿಂಗ್ ಕಲಿಸುತ್ತಾರೆ. ಮೀನುಗಾರರ ಮನೆಯಲ್ಲೇ ಹುಟ್ಟಿದ ಮೂರ್ತಿ ಮೇಗವನ್ ಎಂಬುವರು ಶುರುಮಾಡಿದ ಶಾಲೆಯಿಂದ ಬಂದ ವಿದ್ಯೆಯಂತೆ. ಆ ಹುಡುಗರಿಗೆ ಇಂಗ್ಲಿಷ್ ಬರುತ್ತದೆ, ಹಲ್ಲು ಬೆಳ್ಳಗಿದೆ, ಮೈಗೆ ವಾಸನೆಯಿಲ್ಲ. ಮೀನು ಬಿಟ್ಟ ಮೀನುಗಾರ ಎಷ್ಟು ಚೆನ್ನಾಗಿರುತ್ತಾನೆ ಎಂಬುದಕ್ಕೆ ನಿದರ್ಶನ.

ಹೊರಡುವ ಮುಂಚೆ ನಡೆದ ಒಂದು ಪ್ರಸಂಗವನ್ನೂ ನಿಮ್ಮ ಗಮನಕ್ಕೆ ತರಬೇಕು. ದೋಣಿಯೊಳಗೆ ಕೂತು ಸೆಲ್ಫಿ ತೆಗೆದುಕೊಳ್ಳಲು ಓಡುವಾಗ ನಮ್ಮ ಹುಡುಗ ಮರಳಿನಲ್ಲಿ ಹರವಿದ್ದ ಬಲೆಯ ಮೇಲೆ ಕಾಲಿಟ್ಟ. ಚಪ್ಪಲಿಯ ಪಟ್ಟಿಗೆ ಬಲೆ ಸಿಕ್ಕಿಕೊಂಡಿತು. ಇವನು ಗಾಬರಿಯಲ್ಲಿ ಎಳೆದ, ಮೂರು ನಾಲ್ಕು ಕಣ್ಣು ಒಟ್ಟಿಗೆ ಹರಿಯಿತು. ಅಲ್ಲೇ ಬಲೆ ಕಟ್ಟುತ್ತ ಕೂತಿದ್ದವರು ಎದ್ದು ಬಂದರು. ಜಗಳಕ್ಕೆ ನಾನು ಸಿದ್ಧನಾಗಿ ನಿಂತೆ. ಅವರು ನನ್ನ ಕಡೆ ನೋಡಲೇ ಇಲ್ಲ. ಹುಡುಗನ ಹಿಮ್ಮಡಿ ಹಿಡಿದು ಕಾಲನ್ನು ಚಪ್ಪಲಿಯಿಂದ ಬಿಡಿಸಿ ಮರಳಿನ ಮೇಲಿಟ್ಟರು. ಆಮೇಲೆ ಕುಕ್ಕರಗಾಲಲ್ಲಿ ಕೂತು, ಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡು, ಪಟ್ಟಿಗೆ ಸುತ್ತಿದ ದಾರವನ್ನು ಒಂದೊಂದೇ ಗಂಟಾಗಿ ಬಿಡಿಸತೊಡಗಿದರು. ಚಪ್ಪಲಿಯ ಪಟ್ಟಿ ಕತ್ತರಿಸಿದರೆ ಒಂದು ಕ್ಷಣದ ಕೆಲಸ. ಅದನ್ನೂ ಕತ್ತರಿಸಲಿಲ್ಲ, ಬಲೆಯನ್ನೂ ಕತ್ತರಿಸಲಿಲ್ಲ. ಹುಡುಗ ಪಕ್ಕದಲ್ಲೇ ಕೂತುಬಿಟ್ಟ. ಸರ್ಫಿಂಗಿಗೆ ಕರೆದರೂ ಏಳಲಿಲ್ಲ. ಬಫೆ ಮೂರು ಗಂಟೆಗೆ ಮುಚ್ಚುತ್ತದೆಂದು ಕೊನೆಗೆ ನಾನೇ ರಟ್ಟೆ ಹಿಡಿದು ಎಳೆದುಕೊಂಡು ಬಂದೆ.

ಈ ಪತ್ರವನ್ನು ತಮಿಳಿಗೆ ಮಾಡಿಕೊಡಿ ಎಂದು ಭಾವನವರನ್ನು ಕೇಳಿದೆ. ಪೂರ್ತಿ ಓದಿ, ಮಡಿಚಿ, ಜೇಬಿಗಿಟ್ಟುಕೊಂಡರು. ಅದಕ್ಕೇ ಇನ್ನೊಂದು ಪ್ರತಿ ಬರೆದು ಪತ್ರಿಕೆಗೆ ಕಳಿಸುತ್ತಿದ್ದೇನೆ.

ನನ್ನ ಬೇಡಿಕೆಗಳು ಹೆಚ್ಚಿಲ್ಲ. ಮೀನನ್ನು ಹನ್ನೊಂದರ ಮೇಲೆ ಹಿಡಿಯಿರಿ. ಒಣಹಾಕುವುದನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ. ನಿಷೇಧವನ್ನು ಶಾಲೆಗಳ ವೇಳಾಪಟ್ಟಿ ನೋಡಿ ನಿಗದಿ ಮಾಡಿಸಿ. ಮತ್ತೆ, ಆ ಚಪ್ಪಲಿ ನಿಮ್ಮಲ್ಲೇ ಉಳಿದಿದೆ. ನೀಲಿ ಬಣ್ಣ, ಎಡಗಾಲಿನದು. ಹುಡುಗ ಬಲಗಾಲಿನದನ್ನು ಬಿಸಾಡಲು ಬಿಡುತ್ತಿಲ್ಲ, ದಸರಾ ರಜಕ್ಕೆ ಬಂದು ತೆಗೆದುಕೊಳ್ಳುತ್ತಾನಂತೆ. ದಯವಿಟ್ಟು ಎತ್ತಿಟ್ಟಿರಿ.

ಇಂತಿ ತಮ್ಮ ವಿಶ್ವಾಸಿ,
ರಾಜಾಜಿನಗರದ ಪ್ರವಾಸಿ