ಕಮಿಷನ್ ಇಲ್ಲದ ಗೈಡು

ಶಿವಾಜಿನಗರಕ್ಕೆ ಹೋಗಿ ಏನಾದರೂ ಕೊಂಡು ತಂದೆ ಎಂದರೆ ನಮ್ಮ ಬಳಗದವರು ಮೊದಲು ಕೇಳುವುದು ‘ಎಷ್ಟಾಯಿತು?’ ಎಂದಲ್ಲ, ‘ಜೊತೆಗೆ ಯಾರಿದ್ದರು?’ ಎಂದು. ಯಾರೂ ಇರಲಿಲ್ಲ ಎಂದು ಗೊತ್ತಾದರೆ ತಂದದ್ದನ್ನು ಮುಟ್ಟಿಯೂ ನೋಡುವುದಿಲ್ಲ. ಟೋಪಿ ಬಿದ್ದಿರುವುದು ಖಾತ್ರಿಯಾದ ಮೇಲೆ ಬಟ್ಟೆ ಉಜ್ಜಿ ನೋಡಿ ಆಗಬೇಕಾದ್ದೇನು?

ಈ ಭಯಕ್ಕೆ ಚರಿತ್ರೆಯ ಬೆಂಬಲವೂ ಉಂಟು. 1809ರಲ್ಲಿ ಬ್ರಿಟಿಷರು ಹಲಸೂರಿನ ಮಗ್ಗುಲಲ್ಲಿ ದಂಡು ಇಳಿಸಿದಂದಿನಿಂದ ಬೆಂಗಳೂರು ಎರಡು ಊರಾಗಿಯೇ ಬೆಳೆಯಿತು. ಆ ಕಡೆ ಪೇಟೆ, ಈ ಕಡೆ ದಂಡು, ಮಧ್ಯೆ ಕಬ್ಬನ್ ಪಾರ್ಕು. 1949ರಲ್ಲಿ ಎರಡನ್ನೂ ಸೇರಿಸಿ ಒಂದೇ ಕಾರ್ಪೊರೇಷನ್ ಮಾಡಿದರು. ಬಸವನಗುಡಿಯ ನಮ್ಮ ಬಂಧುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ. ಚಿಕ್ಕಪೇಟೆಯ ಸಂದುಗೊಂದುಗಳಲ್ಲಿ ಕಣ್ಣು ಮುಚ್ಚಿಕೊಂಡು ತಿರುಗುವ ನಮ್ಮ ಚಿಕ್ಕಮ್ಮ ಕಮರ್ಷಿಯಲ್ ಸ್ಟ್ರೀಟಿಗೆ ಬರಬೇಕಾದರೆ ಮೊದಲು ಇಂದಿರಾನಗರದ ನಮ್ಮ ಮನೆಗೆ ಫೋನು ಮಾಡಿ, “ಅತ್ತಿಗೆಗೆ ಯಾವತ್ತು ಬಿಡುವಿದೆ ಕೇಳಪ್ಪ” ಎನ್ನುತ್ತಾರೆ.

ಅವರ ಅತ್ತಿಗೆ ಎಂದರೆ ನನ್ನ ಸೋದರತ್ತೆ. ಮದುವೆಯಾಗಿ ಹಲಸೂರಿಗೆ ಬಂದು, ಸೋಮೇಶ್ವರ ದೇವಸ್ಥಾನದ ಗಂಟೆ ಕೇಳಿಸುವಷ್ಟು ಹತ್ತಿರದಲ್ಲಿ ಸಂಸಾರ ಮಾಡುತ್ತ, ದಂಡಿನ ವ್ಯಾಪಾರವಿದ್ಯೆಯನ್ನೆಲ್ಲ ಅರಗಿಸಿಕೊಂಡವರು. ಬೆಲೆ ಕೇಳುವುದು ಉರ್ದುವಿನಲ್ಲಿ, ಚೌಕಾಸಿ ತಮಿಳಿನಲ್ಲಿ, ಬೈಯುವುದು ಕನ್ನಡದಲ್ಲಿ, ಬೇಡವೆಂದು ಎದ್ದು ಹೊರಡುವುದು ಇಂಗ್ಲಿಷಿನಲ್ಲಿ. ನಾನು ಅವರ ಹಿಂದೆ ಚೀಲ ಹಿಡಿದು ನಡೆಯುವವನು. ಅಂಗಡಿಯವರು ನನ್ನನ್ನು ಡ್ರೈವರ್ ಎಂದುಕೊಂಡಿದ್ದಾರೆ. ಅತ್ತೆ ತಿದ್ದಲು ಹೋಗಿಲ್ಲ.

ಈಚೆಗೆ ಅತ್ತೆಯ ಕೈಗೆ ಸಿಕ್ಕ ಗಿರಾಕಿ ಅಮೆರಿಕದಲ್ಲಿರುವ ನನ್ನ ತಂಗಿಯ ಮಗಳು. ಬರುವ ಮೊದಲು ಗಂಡನೊಡನೆ ಮೊರಾಕ್ಕೊ ಸುತ್ತಿಕೊಂಡು ಬಂದಿದ್ದಳು. ಫೆಸ್ ಎಂಬ ಊರಿನ ಹಳೆಯ ಪೇಟೆಯನ್ನು ಯುನೆಸ್ಕೊ 1981ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅಲ್ಲಿನ ಓಣಿಗಳಿಗೆ ಕಾರಿಲ್ಲ, ಕತ್ತೆ ಮಾತ್ರ. ಗೈಡಿಲ್ಲದೆ ಹೊಕ್ಕರೆ ಹೊರಗೆ ಬರುವುದು ಪೂರ್ವಜನ್ಮದ ಸುಕೃತ. ಅವರ ಗೈಡು ಸರ್ಕಾರಿ ಬಿಲ್ಲೆ ತಗುಲಿಸಿಕೊಂಡಿದ್ದ ಸಭ್ಯ ಮನುಷ್ಯ. ಚರ್ಮ ಹದಮಾಡುವ ತೊಟ್ಟಿಗಳನ್ನು ತೋರಿಸುತ್ತೇನೆಂದು ಒಂದು ಮಹಡಿ ಹತ್ತಿಸಿದನಂತೆ. ಕೆಳಗೆ ಸುಣ್ಣ, ಪಾರಿವಾಳದ ಹಿಕ್ಕೆ ಕಲಸಿದ ನೀರು. ಆ ನಾತಕ್ಕೆ ಮೂಗಿಗೆ ಹಿಡಿದುಕೊಳ್ಳಲು ಪುದೀನದ ಕಡ್ಡಿ ಧರ್ಮಕ್ಕೆ ಕೊಟ್ಟರು. ಇಳಿದು ಬರುವ ದಾರಿ ಮಾತ್ರ ಚರ್ಮದ ಅಂಗಡಿಯೊಳಗಿಂದಲೇ. ಅಲ್ಲಿಂದ ಜಮಖಾನೆಯವನ ಮನೆ. “ಕೊಳ್ಳಲೇಬೇಕೆಂದಿಲ್ಲ, ಸುಮ್ಮನೆ ನೋಡಿ” ಎಂದು ಪುದೀನ ಚಹಾ ಕೊಟ್ಟು, ಒಂದರ ಮೇಲೊಂದು ಜಮಖಾನೆ ಹಾಸಿದರು. ಎರಡನೆಯ ಲೋಟ ಮುಗಿಯುವ ಹೊತ್ತಿಗೆ ಒಂದು ಇವಳದಾಗಿತ್ತು.

ಅತ್ತೆ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದರು: “ಆ ಗೈಡಿಗೆ ಅಂಗಡಿಯವನು ಎಷ್ಟು ಕೊಟ್ಟ?”

“ಅದು ನನಗೆ ಹೇಗೆ ಗೊತ್ತಾಗತ್ತೆ ಅಜ್ಜಿ?”

“ನಾಳೆ ಬೆಳಿಗ್ಗೆ ನನ್ನ ಜೊತೆ ಬಾ. ನಾನು ಯಾರ ಹತ್ತಿರಾನೂ ಕಮಿಷನ್ ತಗೊಳಲ್ಲ.”

ನಮ್ಮಲ್ಲೂ ಕಮಿಷನ್ನಿನ ಗೈಡುಗಳಿಗೇನು ಬರವಿಲ್ಲ. ಎಂ.ಜಿ. ರಸ್ತೆಯ ಬಳಿ ಬಿಳಿ ಚರ್ಮವೋ ಬೆನ್ನಿಗೊಂದು ದೊಡ್ಡ ಚೀಲವೋ ಕಂಡರೆ ಆಟೊದವರ ಪ್ರೀತಿ ಉಕ್ಕುತ್ತದೆ. ಕಡಿಮೆ ದುಡ್ಡಿಗೆ ಊರು ತೋರಿಸುತ್ತಾರೆ, ನಡುವೆ ಕರಕುಶಲ ವಸ್ತುಗಳ ಎಂಪೋರಿಯಮ್ ಒಂದರಲ್ಲಿ ಹತ್ತು ನಿಮಿಷ ಕೂತು ಬಂದರೆ ಸಾಕು. ಅಂದೂ ಒಬ್ಬಾತ ತಂಗಿಯ ಮಗಳ ಟೋಪಿ ನೋಡಿ, “ಮೇಡಂ, ಒಳ್ಳೇ ಸಿಲ್ಕ್ ಶಾಪ್ ಇದೆ, ಜಸ್ಟ್ ಲುಕಿಂಗ್” ಎಂದ. ಅತ್ತೆ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ, “ನನಗೇ ಅಂಗಡಿ ತೋರಿಸ್ತೀಯೇನಪ್ಪ?” ಎಂದರು. ಮಿಕ್ಕ ದಾರಿಯೆಲ್ಲ ಆತ ಮೀಟರ್ ಬಿಟ್ಟು ಬೇರೆ ಕಡೆ ನೋಡಲಿಲ್ಲ.

ರಸೆಲ್ ಮಾರ್ಕೆಟ್ 1927ರ ಕಟ್ಟಡ. 2012ರ ಫೆಬ್ರುವರಿಯಲ್ಲಿ ಬೆಂಕಿ ಬಿದ್ದು ಎಷ್ಟೋ ಮಳಿಗೆಗಳು ಸುಟ್ಟುಹೋದರೂ ವ್ಯಾಪಾರ ಅಲ್ಲಿಂದ ಕದಲಲಿಲ್ಲ. ಒಳಗೆ ಹೂವು, ಹಣ್ಣು, ತರಕಾರಿ. ಮೂಗು ದಾರಿ ತೋರಿಸಿದರೆ ಮೀನು, ಮಾಂಸ. ಹೊರಗೆ ತಳ್ಳುಗಾಡಿಯವರ “ಸೈಡ್, ಸೈಡ್” ಎಂಬ ಕೂಗು. ಫೆಸ್‌ನಲ್ಲಿ ಕತ್ತೆ ಹೊಡೆಯುವವರು “ಬಾಲಾಕ್, ಬಾಲಾಕ್” ಎಂದು ಕೂಗುವುದೂ ಹೀಗೆಯೇ ಎಂದು ತಂಗಿಯ ಮಗಳು ವಿವರಿಸುವಷ್ಟರಲ್ಲಿ ಈರುಳ್ಳಿ ಮೂಟೆಯ ಗಾಡಿಯೊಂದು ಅವಳ ಹಿಮ್ಮಡಿ ಸವರಿಕೊಂಡು ಹೋಯಿತು.

ಅತ್ತೆಯ ಶಾಸ್ತ್ರ ಕಠಿಣ. ಮೊದಲ ಅಂಗಡಿಯಲ್ಲಿ ನಿಲ್ಲಬಾರದು. ಹಿಡಿಸಿದ್ದನ್ನು ಮುಟ್ಟಬಾರದು, ಹಿಡಿಸದ್ದನ್ನು ಮುಟ್ಟಿ ಬೆಲೆ ಕೇಳಬೇಕು. ಮುಖ ಸಾವಿನ ಮನೆಗೆ ಬಂದವರ ಹಾಗಿರಬೇಕು. ಹಣ್ಣಿನವನು ಕೊಯ್ದು ಕೊಟ್ಟ ಹೋಳನ್ನು ತಿನ್ನಬಹುದು, ಆದರೆ ಚೆನ್ನಾಗಿದೆ ಎನ್ನಕೂಡದು. ಅಮೆರಿಕದ ಹುಡುಗಿ ಸೀಬೆಹಣ್ಣು ಬಾಯಿಗಿಟ್ಟವಳೇ “ವಾವ್!” ಎಂದುಬಿಟ್ಟಳು. ಆ ಉದ್ಗಾರಕ್ಕೆ ಕಿಲೋಗೆ ಇಪ್ಪತ್ತು ರೂಪಾಯಿ ಏರಿತು. ಅತ್ತೆ “ನಕ್ಕೊ ಭಾಯ್” ಎಂದು ಸರಸರನೆ ಮುಂದೆ ನಡೆದರು. ಅವನು ಕರೆಯಲಿ ಎಂದು ನಾವು ಹತ್ತು ಹೆಜ್ಜೆ ನಡೆದೆವು, ಹನ್ನೊಂದನೆಯದಕ್ಕೆ ಕರೆದ. ಈ ಹೆಜ್ಜೆಯ ಲೆಕ್ಕ ಇಬ್ಬರಿಗೂ ಗೊತ್ತು. ಗೊತ್ತಿಲ್ಲದವಳು ಒಬ್ಬಳೇ, ದುಡ್ಡು ಅವಳದು.

ಕಮರ್ಷಿಯಲ್ ಸ್ಟ್ರೀಟಿನ ಮ್ಯಾಚಿಂಗ್ ಸೆಂಟರಿನಲ್ಲಿ ಅತ್ತೆಯ ಕಲೆ ಪೂರ್ತಿ ಅರಳಿತು. ರವಿಕೆಯ ಬಟ್ಟೆಯನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿ ಒಪ್ಪುವವರು ಮೂರ್ಖರು. ಸೀರೆ, ಥಾನು ಎರಡನ್ನೂ ಬಾಗಿಲಿಗೆ ತರಿಸಿ, ಬಿಸಿಲಿಗೆ ಹಿಡಿಸಿ, ಬೀದಿಯಲ್ಲಿ ಹೋಗುತ್ತಿದ್ದ ಅಪರಿಚಿತ ಹೆಂಗಸೊಬ್ಬರ ಅಭಿಪ್ರಾಯ ಕೇಳಿ, ಫಾಲ್ ಮತ್ತು ಪಿಕೋ ದರವನ್ನು ಅದರಲ್ಲೇ ಸೇರಿಸಿ ಮಾತು ಮುಗಿಸಿದರು. ಗಲ್ಲಾದಲ್ಲಿದ್ದ ಯಜಮಾನರು ಎದ್ದು ನಿಂತು, “ಅಮ್ಮ ಬಂದರೆ ನಾವು ಲಾಭ ನೋಡೋದೇ ಇಲ್ಲ” ಎಂದರು. ಅತ್ತೆ ನಮ್ಮ ಕಡೆ ನೋಡಲಿಲ್ಲ. ನಾವು ಕೇಳಿಸಿಕೊಂಡಿದ್ದೇವೆಂದು ಅವರಿಗೆ ಗೊತ್ತಿತ್ತು.

ಅತ್ತೆಯ ಕಮಿಷನ್ ಏನೆಂದು ನನಗೆ ಹೊಳೆದದ್ದು ಆಗ. ಆ ಒಂದು ಮಾತು. ಅದನ್ನು ಅಂಗಡಿಯವನು ಬಂಧುಗಳ ಎದುರಿಗೇ, ದೊಡ್ಡ ದನಿಯಲ್ಲಿ ಸಲ್ಲಿಸಬೇಕು. ಪುಣ್ಯಕ್ಕೆ ಅವನ ಬಿಲ್ಲಿನಲ್ಲಿ ಅದು ಕಾಣುವುದಿಲ್ಲ, ಆದರೆ ಕೊಡುವವರು ನಾವೇ. ಆಮೇಲೆ ಜ್ಯುವೆಲರ್ಸ್ ಸ್ಟ್ರೀಟಿನ ಒಂದು ಅಂಗಡಿಯಲ್ಲಿ ತಂಗಿಯ ಮಗಳಿಗೆ ಬೆಳ್ಳಿಯ ಹಳೆಯ ಗೆಜ್ಜೆಯೊಂದು ಮನಸ್ಸಿಗೆ ಬಂತು. ಬೆಲೆ ನ್ಯಾಯವಾಗಿತ್ತು, ಹುಡುಗ ಸೌಜನ್ಯದವನು. ಅತ್ತೆಯ ಗುರುತು ಮಾತ್ರ ಅವನಿಗೆ ಸಿಗಲಿಲ್ಲ. “ನಿಮ್ಮಪ್ಪ ಎಲ್ಲಿ?” ಎಂದರು ಅತ್ತೆ. “ಮನೆಯಲ್ಲಿದ್ದಾರೆ ಆಂಟಿ, ಏನು ಬೇಕು ಹೇಳಿ” ಎಂದ. ಅಷ್ಟೇ. ಬೆಳ್ಳಿ ಕಪ್ಪಾಗಿದೆ, ಕೊಂಡಿ ಸಡಿಲ ಎಂದು ಇಂಗ್ಲಿಷಿನಲ್ಲಿ ಹೇಳಿ ಎದ್ದರು. ಹತ್ತು ಹೆಜ್ಜೆಯಾಯಿತು, ಇಪ್ಪತ್ತಾಯಿತು. ಹುಡುಗ ಕರೆಯಲಿಲ್ಲ. ಗೆಜ್ಜೆ ಅಲ್ಲೇ ಉಳಿಯಿತು.

ಫೆಸ್‌ನ ಗೈಡು ದುಡ್ಡು ತೆಗೆದುಕೊಂಡ, ಜಮಖಾನೆ ಕೊಡಿಸಿದ. ಈಗ ಅದು ಅವಳ ಮನೆಯ ನಡುಮನೆಯಲ್ಲಿ ಬಿದ್ದಿದೆ, ಚೆನ್ನಾಗಿಯೂ ಇದೆ.

ಅತ್ತೆಯೂ ಸುಮ್ಮನಾಗುವ ಜಾಗವೊಂದಿದೆ, ಅದನ್ನು ಹೇಳದಿದ್ದರೆ ಪಕ್ಷಪಾತವಾದೀತು. ಮಗ ಕೆ.ಆರ್. ಪುರದಲ್ಲಿ ಫ್ಲ್ಯಾಟು ಕೊಂಡ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಅಲ್ಲಿಗೆ ಮೆಟ್ರೊ ಜೋಡಿಸಿದ ಮೇಲೆ ಹಲಸೂರಿನಲ್ಲಿ ಹತ್ತಿ ಅಲ್ಲಿ ಇಳಿಯುವುದು ಸಲೀಸಾಯಿತು. ಮಂಗಳವಾರದ ಸಂತೆಗೆ ಅತ್ತೆಯನ್ನು ಕರೆದುಕೊಂಡು ಹೋದದ್ದು ಪಕ್ಕದ ಮನೆಯ ಕೋಲಾರದ ಹೆಂಗಸು. ಅಲ್ಲಿ ತರಕಾರಿ ಗುಡ್ಡೆ ಲೆಕ್ಕ, ಮಾತು ಅರ್ಧ ಕನ್ನಡ ಅರ್ಧ ತೆಲುಗು. ಅತ್ತೆ ಉರ್ದುವಿನಲ್ಲಿ ಶುರುಮಾಡಿ ತಮಿಳಿಗೆ ಜಾರಿದರು. ಟೊಮೇಟೊದವಳು ತಲೆ ಎತ್ತದೆ “ಗುಡ್ಡೆ ಇಪ್ಪತ್ತು” ಎಂದಳು. ಅತ್ತೆ ಹೊರಟರು. ಅವಳು ಮುಂದಿನವರಿಗೆ ಕೊಟ್ಟಳು. ಕೊನೆಗೆ ಕೋಲಾರದಾಕೆ ನಡುವೆ ಬಂದು ತೆಲುಗಿನಲ್ಲಿ ಏನೋ ಹೇಳಿ ಎರಡು ಹಣ್ಣು ಕೊಸರು ಹಾಕಿಸಿಕೊಟ್ಟು, ಅತ್ತೆಯ ಕಡೆ ತಿರುಗಿ, “ನಾನು ಬಂದರೆ ಇವಳು ಲಾಭ ನೋಡಲ್ಲ ಅಮ್ಮ” ಎಂದಳಂತೆ.

ನೀವು ರಸೆಲ್ ಮಾರ್ಕೆಟ್‌ಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ. ಸೆಪ್ಟೆಂಬರ್ 8ಕ್ಕೆ ಎದುರಿನ ಸೇಂಟ್ ಮೇರಿ ಬಸಿಲಿಕದ ಹಬ್ಬ. ಅದರ ಹಿಂದಿನ ವಾರ ಕಾವಿ ಬಟ್ಟೆಯ ಭಕ್ತರ ನಡುವೆ ಕಾಲಿಡಲೂ ಜಾಗವಿರುವುದಿಲ್ಲ. ಗೈಡು ಬೇಕೆನಿಸಿದರೆ ಆಟೊದವರನ್ನೇ ಕೇಳಿ. ಅವರ ಕಮಿಷನ್ ಎಷ್ಟೆಂದು ಅಂದಾಜು ಸಿಗುತ್ತದೆ.