ಕಾಲಿಗೆ ಬದಲು ಕಾರು

ಬ್ರಿಟನ್ನಿನಲ್ಲಿ ನಡೆಯಲಾರದವನು ಎನಿಸಿಕೊಳ್ಳುವುದಕ್ಕೂ ಒಂದು ಅಳತೆ ಇದೆ: 20 ಮೀಟರ್. ಅದಕ್ಕಿಂತ ಹೆಚ್ಚು ದೂರ ನಡೆಯಲು ನಿಮ್ಮಿಂದಾಗದು ಎಂದು ಸರ್ಕಾರಕ್ಕೆ ಮನವರಿಕೆಯಾದರೆ 12 ಅಂಕ. ಓದುವ ಕಾಲದಲ್ಲಿ ಯಾವ ವಿಷಯದಲ್ಲೂ ಪೂರ್ತಿ ಅಂಕ ಕಾಣದ ನಾನು, ಐವತ್ತು ದಾಟಿದ ಮೇಲೆ, ನಡೆಯದಿರುವ ವಿಷಯದಲ್ಲಿ ಹನ್ನೆರಡಕ್ಕೆ ಹನ್ನೆರಡು ತೆಗೆದೆ. ಹಾಸನದಲ್ಲಿರುವ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. "ಅಂತೂ ಒಂದರಲ್ಲಾದ್ರೂ ಪಾಸಾದ್ಯಲ್ಲ ಬಿಡು" ಅಂದ.

ಆ ಹನ್ನೆರಡು ಸುಮ್ಮನೆ ಬರಲಿಲ್ಲ. ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ ಎಂಬ ಭತ್ಯೆ ಇಲ್ಲಿ 2013ರಿಂದ ಇದೆ, ಬಾಯಿಮಾತಿನಲ್ಲಿ ಪಿಪ್. ಅದಕ್ಕೆ ಅರ್ಜಿ ಹಾಕಿದವರನ್ನು ಸಾಮಾನ್ಯವಾಗಿ ಒಬ್ಬರು ಪರೀಕ್ಷಿಸುತ್ತಾರೆ. ನನ್ನನ್ನು ಪರೀಕ್ಷಿಸಲು ನಮ್ಮ ಮನೆಗೆ ಬಂದದ್ದು ಜುಲೈ ತಿಂಗಳ ಒಂದು ಸುಡುಬಿಸಿಲಿನ ದಿನ. ಪೋಲಿಯೊ ಕಾಲಿಗೂ ಬಿಸಿಲಿಗೂ ಬಲು ಸ್ನೇಹ. ಚಳಿಯಲ್ಲಿ ನೀಲಿಗಟ್ಟಿ ಮರದ ತುಂಡಾಗುವ ನನ್ನ ಎಡಗಾಲು ಅವತ್ತು ಉತ್ಸಾಹದಲ್ಲಿತ್ತು. ಸಾಲದ್ದಕ್ಕೆ, ಮನೆಗೆ ಯಾರಾದರೂ ಬಂದರೆ ಎದ್ದು ನಿಲ್ಲಬೇಕು ಎಂದು ಅಮ್ಮ ಕಲಿಸಿದ್ದು ಇನ್ನೂ ಮೈಯಲ್ಲಿದೆ. ಬಾಗಿಲು ತೆರೆಯುತ್ತಲೇ ಕಾಲಿಗೆ ಕಟ್ಟಿದ ಕ್ಯಾಲಿಪರ್ ಲಾಕ್ ಮಾಡಿಕೊಂಡು ಠೀವಿಯಿಂದ ಎದ್ದು, "ಬನ್ನಿ ಬನ್ನಿ, ಟೀ ಕುಡೀತೀರಾ?" ಎಂದೆ. ಅಡುಗೆಮನೆಯಿಂದ ಹೆಂಡತಿ ಕನ್ನಡದಲ್ಲಿ ಹಲ್ಲು ಕಚ್ಚಿಕೊಂಡು ಹೇಳಿದಳು: "ರೀ, ಕೂತ್ಕೊಳ್ರೀ! ಕಾರು ಬೇಕೋ ಬೇಡ್ವೋ?"

ಪುಣ್ಯಕ್ಕೆ ನಿಯಮ ನನ್ನಷ್ಟು ಪೆದ್ದಲ್ಲ. ಒಂದು ಕೆಲಸ ನಿಮ್ಮಿಂದ ಆಗುತ್ತದೆ ಎನ್ನಬೇಕಾದರೆ ಅದು ಸುರಕ್ಷಿತವಾಗಿ ಆಗಬೇಕು, ಒಪ್ಪುವ ಮಟ್ಟದಲ್ಲಿ ಆಗಬೇಕು, ಪದೇ ಪದೇ ಆಗಬೇಕು, ತಕ್ಕ ಸಮಯದೊಳಗೆ ಆಗಬೇಕು. ಒಂದು ಸಲ ಎದ್ದದ್ದು ಲೆಕ್ಕಕ್ಕಿಲ್ಲ. ಬಂದಾಕೆ ನಗುತ್ತಾ "ಇನ್ನೊಮ್ಮೆ ಏಳಿ ನೋಡೋಣ" ಎಂದರು. ಏಳಲಾಗಲಿಲ್ಲ. ಸೋಫಾದಲ್ಲಿ ಹೂತುಹೋಗಿದ್ದ ನನ್ನನ್ನು ನೋಡಿ ಹೆಂಡತಿ ಇಷ್ಟು ಸಂತೋಷಪಟ್ಟದ್ದು ಮದುವೆಯಾದಂದಿನಿಂದ ಅದೇ ಮೊದಲು.

ಹೀಗೆ ಹನ್ನೆರಡು ಅಂಕ ಪಡೆದು ಪಿಪ್‌ನ ಓಡಾಟದ ಭತ್ಯೆ ಹೆಚ್ಚಿನ ದರದಲ್ಲಿ ಸಿಕ್ಕವರು ಅದನ್ನು ಮೋಟಬಿಲಿಟಿ ಯೋಜನೆಗೆ ಬರೆದುಕೊಟ್ಟರೆ ಮೂರು ವರ್ಷಕ್ಕೆ ಒಂದು ಹೊಸ ಕಾರು ಬಾಡಿಗೆಗೆ ಬರುತ್ತದೆ. ವಿಮೆ, ಸರ್ವಿಸ್, ಟೈರು ಎಲ್ಲ ಅದರಲ್ಲೇ. 2025ರ ಏಪ್ರಿಲ್‌ನಲ್ಲಿ ಭತ್ಯೆ ವಾರಕ್ಕೆ 77.05 ಪೌಂಡ್ ಆಗಿತ್ತು. ದೊಡ್ಡ ಕಾರು ಬೇಕಾದರೆ ಮೇಲೆ ಕೈಯಿಂದಲೂ ಕಟ್ಟಬೇಕು, ನಾನು ಕಟ್ಟಿದ್ದೇನೆ. ಆದರೂ ಊರಿನಲ್ಲಿ ಅಣ್ಣ ಹಬ್ಬಿಸಿದ ಸುದ್ದಿ, ಇಂಗ್ಲೆಂಡ್ ಸರ್ಕಾರ ಇವನಿಗೆ ಪುಕ್ಕಟೆ ಕಾರು ಕೊಟ್ಟಿದೆ ಎಂದು. ಇಲ್ಲಿನ ಪತ್ರಿಕೆಗಳಲ್ಲೂ ಇದೇ ಗೊಣಗಾಟ ಆಗಾಗ ಏಳುತ್ತದೆ, ಹಾಗಾಗಿ ಅಣ್ಣನೊಬ್ಬನನ್ನೇ ಬೈದು ಪ್ರಯೋಜನವಿಲ್ಲ.

1977ರಲ್ಲಿ ಈ ಯೋಜನೆ ಹುಟ್ಟುವ ಮೊದಲು ಅಂಗವಿಕಲರಿಗೆ ಸರ್ಕಾರ ಕೊಡುತ್ತಿದ್ದದ್ದು ಇನ್ವಾಕಾರ್ ಎಂಬ ಮೂರು ಚಕ್ರದ ತಿಳಿನೀಲಿ ಡಬ್ಬಿ. ಫೈಬರ್‌ಗ್ಲಾಸಿನ ಮೈ, ಒಂದೇ ಸೀಟು. ಹೆಂಡತಿ ಮಕ್ಕಳು ಜೊತೆಗೆ ಬರುವುದಿದ್ದರೆ ಬಸ್ಸು ಹಿಡಿಯಬೇಕು. ಜೋರು ಗಾಳಿಗೆ ಮಗುಚಿಕೊಳ್ಳುತ್ತದೆಂಬ ಅಪಖ್ಯಾತಿ ಬೇರೆ. 2003ರ ಮಾರ್ಚ್ 31ಕ್ಕೆ ಅವುಗಳನ್ನು ರಸ್ತೆಯಿಂದಲೇ ಹೊರಗಿಟ್ಟರು. ಒಂದು ಮ್ಯೂಸಿಯಮ್ಮಿನಲ್ಲಿ ಅದನ್ನು ಕಂಡು, ಅಬ್ಬಾ, ನಾನು ಎಂಥ ಭಾಗ್ಯವಂತ ಎಂದುಕೊಂಡಿದ್ದೆ. ಅದಕ್ಕೆ ವಿದ್ಯುತ್ತಿನ ಡಿಕ್ಕಿ ಇರಲಿಲ್ಲ ಎಂಬ ದೊಡ್ಡ ಗುಣ ಆಗ ನನ್ನ ಗಮನಕ್ಕೆ ಬರಲಿಲ್ಲ.

ನನ್ನ ಕಾರಿನ ವ್ಯವಸ್ಥೆ ಹೀಗೆ. ಬ್ರೇಕು, ಆಕ್ಸಿಲರೇಟರು ಎರಡೂ ಕೈಯಲ್ಲೇ. ಡಿಕ್ಕಿಯೊಳಗೆ ಒಂದು ಪುಟ್ಟ ಕ್ರೇನು. ಕಾರು ನಿಲ್ಲಿಸಿ, ಬಾಗಿಲು ಹಿಡಿದು, ಕಿಟಕಿ ಹಿಡಿದು, ಕಾರಿನ ಮೈಯನ್ನೇ ಸವರುತ್ತಾ ಹಿಂದಕ್ಕೆ ಬರುತ್ತೇನೆ. ಗುಂಡಿ ಒತ್ತಿದರೆ ಡಿಕ್ಕಿಯ ಬಾಗಿಲು ತಾನಾಗಿ ಮೇಲೇಳುತ್ತದೆ, ಕ್ರೇನು ನನ್ನ ವೀಲ್‌ಚೇರನ್ನು ಎತ್ತಿ ನೆಲಕ್ಕಿಳಿಸುತ್ತದೆ. ಸೆಪ್ಟೆಂಬರಿನಲ್ಲಿ ಕಾರು ಬಂದಾಗ ರೆಡಿಂಗಿನ ನಮ್ಮ ಬೀದಿಯ ಮಕ್ಕಳೆಲ್ಲ ನೋಡಲು ನೆರೆದಿದ್ದರು. ಬೇಡ ಬೇಡ ಎನ್ನುತ್ತಲೇ ನಾನು ಪ್ರದರ್ಶನ ಕೊಡುತ್ತಿದ್ದೆ.

ನವೆಂಬರಿನಲ್ಲಿ ಚಳಿ ಬಿದ್ದಿತು. ಸೂಪರ್‌ಮಾರ್ಕೆಟ್ಟಿನ ಅಂಗಳದಲ್ಲಿ ಗುಂಡಿ ಒತ್ತಿದೆ. ಕಾರು ಪೀಂ ಪೀಂ ಪೀಂ ಎಂದಿತು. ಬಾಗಿಲು ಒಂದು ಗೇಣು ಎದ್ದು, ನನ್ನನ್ನು ನೋಡಿ, ಮತ್ತೆ ಮುಚ್ಚಿಕೊಂಡಿತು. ನಾನು ಹೊರಗೆ, ವೀಲ್‌ಚೇರು ಒಳಗೆ. ಹೋಗಬೇಕಾದ ಸ್ಥಳಕ್ಕೆ ಕಾರು ನನ್ನನ್ನು ತಲುಪಿಸಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಇಳಿದು ಒಳಹೋಗುವುದು ಸಾಧ್ಯವಿಲ್ಲ, ಅಷ್ಟೇ. ಯಾರೋ ಅಜ್ಜಿ ನಾನು ಭಾವುಕನಾಗಿ ಕಾರನ್ನು ತಬ್ಬಿಕೊಂಡಿದ್ದೇನೆ ಎಂದುಕೊಂಡು "ಚೆನ್ನಾಗಿದೆ ಕಾರು" ಎಂದು ಹೇಳಿ ಹೋದರು.

ಷೋರೂಮಿಗೆ ಕೊಂಡೊಯ್ದೆ. ಅವರ ಶೆಡ್ಡು ನಮ್ಮ ಮನೆಗಿಂತ ಬೆಚ್ಚಗಿದೆ. ಹುಡುಗ ಗುಂಡಿ ಒತ್ತಿದ. ಬಾಗಿಲು ಗಂಭೀರವಾಗಿ, ಒಂದಿಷ್ಟೂ ತಡವರಿಸದೆ, ಮೇಲೆದ್ದಿತು. ಮತ್ತೆ ಒತ್ತಿದ. ಇಳಿಯಿತು. ಅವನು ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಜುಲೈನಲ್ಲಿ ನಾನು ಎದ್ದು ನಿಂತಾಗ ಆ ಪರೀಕ್ಷಕಿ ನೋಡಿದ್ದೂ ಹೀಗೆಯೇ. ಜಾಬ್ ಕಾರ್ಡಿನಲ್ಲಿ ಬರೆದುಕೊಟ್ಟರು: ದೋಷ ಕಂಡುಬಂದಿಲ್ಲ.

ಮನೆಗೆ ಬಂದೆ. ಪೀಂ ಪೀಂ ಪೀಂ.

ಮುಂದೆ ನಡೆದದ್ದು ಒಂದು ಜುಗಲಬಂದಿ. ದೋಷವಿದ್ದರೆ ಅದು ಕ್ರೇನಿನದೇ ಇರಬೇಕು ಎಂದು ಷೋರೂಮಿನವರು. ನಮ್ಮ ಕ್ರೇನು ಸುತ್ತಿಗೆಯಷ್ಟು ಸರಳ, ದೋಷ ಬಾಗಿಲಿನದೇ ಎಂದು ಕ್ರೇನು ಕೂರಿಸಿದವರು. ಅದರ ಮೇಲೆ ಷೋರೂಮಿನವರದು ಇನ್ನೊಂದು ರಾಗ: "ಕಾರು ಮೋಟಬಿಲಿಟಿಯ ಬಾಡಿಗೆ ಸಂಸ್ಥೆಯದು, ನಿಮ್ಮದಲ್ಲ. ಹಾಗೆ ನೋಡಿದರೆ ನೀವು ನಮ್ಮ ಗ್ರಾಹಕರೇ ಅಲ್ಲ." ಬಾಡಿಗೆ ಮನೆಯ ಸೂರು ಸೋರಿದಾಗ ಕೊಡ ಇಟ್ಟುಕೊಂಡು ಮಧ್ಯರಾತ್ರಿ ಕೂರುವವನು ಬಾಡಿಗೆದಾರನೇ ಹೊರತು ಮಾಲೀಕನಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಲು ಹೊರಟೆ. ಆ ವಾಕ್ಯ ಅರ್ಧದಲ್ಲೇ ಸಿಕ್ಕುಬಿದ್ದು, ಕೊನೆಗೆ "ಥ್ಯಾಂಕ್ ಯು ವೆರಿ ಮಚ್" ಎಂದು ಫೋನ್ ಇಟ್ಟೆ. ದೂರು ಹೇಳಲು ಫೋನೆತ್ತಿದಾಗಲೆಲ್ಲ ನನ್ನ ಬಾಯಿಂದ ಹೊರಡುವುದು ಧನ್ಯವಾದವೇ.

ವಿಡಿಯೊ ಇದ್ದರೆ ಕಳಿಸಿ ಎಂದರು. ನ್ಯಾಯವಾದ ಮಾತೇ. ಒಂದು ಕೈ ಗುಂಡಿಯ ಮೇಲಿರಬೇಕು, ಇನ್ನೊಂದು ಕಾರು ಹಿಡಿದಿರಬೇಕು, ವಿಡಿಯೊಗೆ ಮೂರನೆಯದು ಬೇಕು. ಹೆಂಡತಿಯನ್ನು ನಿಲ್ಲಿಸಿದೆ. ಕ್ಯಾಮೆರಾ ಕಂಡರೆ ಆ ಬಾಗಿಲಿಗೆ ಎಲ್ಲಿಲ್ಲದ ಶಿಸ್ತು. ಅವಳು ಫೋನನ್ನು ಚೀಲಕ್ಕೆ ಹಾಕಿದ ಮರುಕ್ಷಣ ಪೀಂ ಪೀಂ. ಕೊನೆಗೊಂದು ದಿನ ಸಿಕ್ಕಿಬಿದ್ದಿತು. ಆದರೆ ಚಿತ್ರದಲ್ಲಿ ಮುಕ್ಕಾಲು ಪಾಲು ಅವಳ ಹೆಬ್ಬೆರಳು, ಉಳಿದ ಕಾಲು ಪಾಲು ನನ್ನ ಬೆನ್ನು, ಹಿನ್ನೆಲೆಯಲ್ಲಿ ಅಚ್ಚ ಕನ್ನಡದ ಬೈಗುಳ. "ಧ್ವನಿ ಇದೆ, ದೋಷ ಕಾಣುತ್ತಿಲ್ಲ" ಎಂದು ಉತ್ತರ ಬಂತು.

ಕಾರನ್ನು ಕೂಲಂಕಷವಾಗಿ ನೋಡುತ್ತೇವೆಂದು ಇಟ್ಟುಕೊಂಡು, ಬದಲಿಗೆ ಒಂದು ಕಾರು ಕಳಿಸಿದರು. ಗೇರು ಕೈಯಲ್ಲಿ ಹಾಕುವುದು, ಕ್ಲಚ್ಚು ಕಾಲಲ್ಲಿ ಒತ್ತುವುದು. ಹ್ಯಾಂಡ್ ಕಂಟ್ರೋಲ್ ಇಲ್ಲ. ಕೆಂಪು ಬಣ್ಣದ ಆ ಚೆಂದದ ಕಾರು ಮನೆ ಮುಂದೆ ನಿಂತಿತ್ತು, ನಾನು ಕಿಟಕಿಯಿಂದ ನೋಡುತ್ತಿದ್ದೆ. ಪಕ್ಕದ ಮನೆಯಾತ "ಎರಡೆರಡು ಕಾರು, ಹ್ಞಾಂ?" ಎಂದು ಕಣ್ಣು ಮಿಟುಕಿಸಿದ. ತೆರಿಗೆ ಕಟ್ಟುವವರ ಹೊಟ್ಟೆ ಉರಿಯುವುದು ಹೀಗೆ.

ನನ್ನ ಕಾರು ಹೋದ ಹಾಗೆಯೇ ವಾಪಸು ಬಂತು. ಇನ್ನು ಬರವಣಿಗೆಯಲ್ಲೇ ನೋಡಿಕೊಳ್ಳೋಣ ಎಂದು ಕೂತೆ. ನಮ್ಮ ಹೈಸ್ಕೂಲಿನ ಮೇಷ್ಟ್ರು ಮನವಿ ಪತ್ರ ಬರೆಯುವುದನ್ನು ಚೆನ್ನಾಗಿ ಕಲಿಸಿದ್ದರು: ಇಂದ, ಗೆ, ಮಾನ್ಯರೇ, ವಿಷಯ, ಕೊನೆಯಲ್ಲಿ ತಮ್ಮ ವಿಧೇಯ. ಅದೇ ಪಾಕದಲ್ಲಿ ಇಂಗ್ಲಿಷಿನಲ್ಲಿ ಎರಡು ಪುಟ ಇಳಿಸಿದೆ. ಸಂಸ್ಥೆಯ ಹಿರಿಮೆ, ಸಿಬ್ಬಂದಿಯ ಸೌಜನ್ಯ, ಕಾಯುವವರಿಗೆ ಕೊಡುವ ಕಾಫಿಯ ರುಚಿ ಎಲ್ಲವೂ ಬಂದು, ಡಿಕ್ಕಿಯ ಪ್ರಸ್ತಾಪ ಎರಡನೆಯ ಪುಟದ ನಡುವೆ ನಾಚಿಕೊಂಡು ಬಂತು. ಹೆಂಡತಿ ಓದಿ, "ಇದು ದೂರೋ, ಸನ್ಮಾನ ಪತ್ರವೋ? ಹಾರ ಶಾಲೂನೂ ಕಳಿಸ್ಬಿಡಿ" ಎಂದಳು.

ಕಾನೂನು ತೆಗೆದು ಓದಿದೆ. 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಬಾಡಿಗೆಗೆ ತೆಗೆದುಕೊಂಡ ವಸ್ತುವಿಗೂ ಅನ್ವಯಿಸುತ್ತದೆ. ಕೈಗೆ ಬಂದ 30 ದಿನದೊಳಗಾದರೆ ನೆಟ್ಟಗೆ ವಾಪಸು ಮಾಡಬಹುದು. ನನ್ನ ಬಾಗಿಲು ಲೆಕ್ಕ ಇಟ್ಟುಕೊಂಡು 30 ದಿನ ಕಳೆದ ಮೇಲೆಯೇ ಕೆಟ್ಟಿತ್ತು. ಆಮೇಲಾದರೆ ರಿಪೇರಿಗೆ ಒಂದು ಅವಕಾಶ ಕೊಡಬೇಕು, ಅದೂ ವಿಫಲವಾದರೆ ತಿರಸ್ಕರಿಸಬಹುದು. ಆರು ತಿಂಗಳೊಳಗೆ ತೋರಿದ ದೋಷ ಕೊಡುವಾಗಲೇ ಇತ್ತು ಎಂದು ಭಾವಿಸಬೇಕು, ಇರಲಿಲ್ಲ ಎಂದು ತೋರಿಸುವ ಹೊಣೆ ಕೊಟ್ಟವರದು. ಆದರೆ ದೋಷವೇ ಇಲ್ಲ ಎನ್ನುವವರಿಗೆ ಇದನ್ನು ಹೇಗೆ ತಿಳಿಸುವುದು?

ಆಗ ಬೀರುವಿನಲ್ಲಿದ್ದ ನನ್ನ ಪಿಪ್ ಕಾಗದಗಳು ನೆನಪಾದವು. ಈ ಸಲ ಬಾಡಿಗೆ ಸಂಸ್ಥೆಗೂ ಷೋರೂಮಿಗೂ ಒಟ್ಟಿಗೇ ಬರೆದೆ. ಚಟುವಟಿಕೆ: ಡಿಕ್ಕಿ ತೆರೆಯುವುದು. ಸುರಕ್ಷಿತವಾಗಿ ಮಾಡಬಲ್ಲದೇ? ಇಲ್ಲ, ಅರ್ಧ ಎದ್ದು ನನ್ನ ನೆತ್ತಿಯ ಮೇಲೆ ಇಳಿದಿದೆ. ಒಪ್ಪುವ ಮಟ್ಟದಲ್ಲಿ? ಒಂದು ಗೇಣು ಮಾತ್ರ. ಪದೇ ಪದೇ? ಬೆಳಿಗ್ಗೆ ತೆರೆದರೆ ಸಂಜೆಗೆ ಸುಸ್ತು. ತಕ್ಕ ಸಮಯದೊಳಗೆ? ಮಳೆ ಶುರುವಾಗಿ ನಿಲ್ಲುವವರೆಗೆ ಕಾದದ್ದುಂಟು. ತಮ್ಮ ಬೆಚ್ಚಗಿನ ಶೆಡ್ಡಿನಲ್ಲಿ ಅದು ಒಮ್ಮೆ ಎದ್ದು ನಿಂತದ್ದನ್ನು ಗಣನೆಗೆ ತೆಗೆದುಕೊಳ್ಳಬಾರದು. ಒಟ್ಟು ಅಂಕ 12. ಆದ್ದರಿಂದ ಈ ಕಾರನ್ನು ಅಂಗವಿಕಲ ಎಂದು ಘೋಷಿಸಿ, ಇದರ ಓಡಾಟಕ್ಕೆ ಇನ್ನೊಂದು ಕಾರನ್ನು ಮಂಜೂರು ಮಾಡಬೇಕಾಗಿ ವಿನಂತಿ.

ಬಾಡಿಗೆ ಸಂಸ್ಥೆಯಿಂದ ಮಾರನೆಯ ದಿನವೇ ಫೋನ್ ಬಂತು. ಆ ಕಡೆಯ ಹೆಂಗಸಿಗೆ ನಗು ತಡೆಯಲಾಗುತ್ತಿರಲಿಲ್ಲ. ಮಾತಿನ ಕೊನೆಗೆ ಮಾತ್ರ ಖಚಿತವಾಗಿ ಹೇಳಿದರು: ಮತ್ತೆ ಹೀಗಾದರೆ ಕಾರನ್ನು ಅಲ್ಲಿಂದ ಕದಲಿಸಬೇಡಿ, ಇದ್ದಲ್ಲಿಂದಲೇ ಬ್ರೇಕ್‌ಡೌನ್ ಸೇವೆಗೆ ಕರೆ ಮಾಡಿ.

ಅದು ಮತ್ತೆ ಆದದ್ದು ಲಂಡನ್ನಿನಲ್ಲಿ. ಜನವರಿಯಲ್ಲಿ ಆಫೀಸಿನ ಕೆಲಸಕ್ಕೆ ಬಂದಿದ್ದ ನನ್ನ ಭಾವಮೈದುನ ಬಸವಣ್ಣನವರ ಪ್ರತಿಮೆ ನೋಡಲೇಬೇಕೆಂದು ಹಟ ಹಿಡಿದ. ಥೇಮ್ಸ್ ನದಿಯ ದಡದಲ್ಲಿ, ಆಲ್ಬರ್ಟ್ ಎಂಬಾಂಕ್‌ಮೆಂಟಿನಲ್ಲಿದೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಹತ್ತಿರದ ಬೀದಿಯಲ್ಲಿ ನಿಲ್ಲಿಸಿ ಗುಂಡಿ ಒತ್ತಿದೆ. ಪೀಂ ಪೀಂ ಪೀಂ. ಜಂಗಮಕ್ಕಳಿವಿಲ್ಲ ಎಂದವರ ದರ್ಶನಕ್ಕೆ ಹೋದ ನಾನು ಸ್ಥಾವರವಾಗಿ ನಿಂತೆ. "ಭಾವ, ಗುದ್ದಲಾ?" ಎಂದ ಭಾವಮೈದುನ. ಊರಿನಲ್ಲಿ ಅವನು ಫ್ರಿಜ್ಜು, ಮಿಕ್ಸಿ ಎಲ್ಲವನ್ನೂ ಸರಿಮಾಡುವುದು ಹೀಗೆಯೇ. ಬೇಡ ಮಾರಾಯ, ಹಾಗೆ ಮಾಡಿದರೆ ದೋಷ ನಮ್ಮದೇ ಎಂದಾಗುತ್ತದೆ ಎಂದು ತಡೆದು ಫೋನ್ ಮಾಡಿದೆ.

ತುಂತುರು ಮಳೆಯಲ್ಲಿ ಬಂದ ಮೆಕ್ಯಾನಿಕ್ಕು ಗುಂಡಿಯ ಗೊಡವೆಗೇ ಹೋಗಲಿಲ್ಲ. ಕಾರಿನೊಳಗಿಂದ ತೂರಿ ಹಿಂದಕ್ಕೆ ತೆವಳಿದ. ಡಿಕ್ಕಿಯ ಬಾಗಿಲು ಚಾವಣಿಗೆ ಕೂಡುವಲ್ಲಿ ಸುಕ್ಕುಸುಕ್ಕಾದ ಒಂದು ರಬ್ಬರ್ ಕೊಳವೆ ಇರುತ್ತದೆ, ತಂತಿಗಳೆಲ್ಲ ಹಾಯುವುದು ಅದರಲ್ಲೇ. ಅದನ್ನು ಕಿತ್ತು ಹಿಂದಕ್ಕೆಳೆದ. ಕ್ರೇನು ಕೂರಿಸುವಾಗ ಯಾರೋ ಅದನ್ನು ತಿರುಚಿ ಸಿಕ್ಕಿಸಿದ್ದರು. ಒಳಗೆ ಕಂದು ಬಣ್ಣದ ತಂತಿಯೊಂದು ಜಜ್ಜಿ, ತಾಮ್ರದ ಎಳೆಗಳು ಒಂದೆರಡು ಉಳಿದಿದ್ದವು. ಬೆಚ್ಚಗಿದ್ದಾಗ ಮೆತ್ತಗಾಗಿ ಕೂಡಿಕೊಳ್ಳುತ್ತಿತ್ತು, ಚಳಿಗೆ ಸೆಟೆದು ಬಿಟ್ಟುಕೊಳ್ಳುತ್ತಿತ್ತು. "ಇದಕ್ಕೆ ಚಳಿ ಆಗಿಬರೋಲ್ಲ" ಎಂದ. ನನಗೂ ಅಷ್ಟೇ ಎಂದು ಕಾಲು ತೋರಿಸಿದೆ. ಅವನು ಟೇಪು ಸುತ್ತಿ, ಮೂರು ಫೋಟೊ ತೆಗೆದು, ವರದಿ ಬರೆದುಕೊಟ್ಟ. ಭಾವಮೈದುನ ಮಾತ್ರ ಇಂದಿಗೂ ಹೇಳುವುದು, ಒಂದು ಗುದ್ದಿದ್ದರೆ ಸಾಕಾಗಿತ್ತು ಎಂದೇ.

ಆ ಫೋಟೊಗಳು ಹೋದ ಮೇಲೆ ದೋಷ ಇದೆಯೋ ಇಲ್ಲವೋ ಎಂಬ ಚರ್ಚೆ ನಿಂತಿತು. ತಂತಿಯ ಗೊಂಚಲು ಹೊಸದಾಯಿತು. ಅನಾನುಕೂಲ 'ಆಗಿದ್ದಲ್ಲಿ' ವಿಷಾದಿಸುತ್ತೇವೆ ಎಂದು ಷೋರೂಮಿನವರು ಕಾಗದ ಬರೆದು, ಜೊತೆಗೆ ಕಾರಿನ ಒಳಭಾಗವನ್ನು ಉಚಿತವಾಗಿ ತೊಳೆಯುವ ಕೂಪನ್ನು ಇಟ್ಟಿದ್ದರು. ತೊಳೆಯುವ ಹೊತ್ತಿಗೆ ಗ್ರಾಹಕರು ಮೊದಲ ಮಹಡಿಯ ವಿಶ್ರಾಂತಿ ಕೊಠಡಿಯಲ್ಲಿ ಕಾಯಬಹುದು ಎಂದು ಅದರ ಹಿಂದೆ ಅಚ್ಚಾಗಿದೆ. ಮೊದಲ ಮಹಡಿಗೆ ಲಿಫ್ಟಿಲ್ಲ.

ಈ ಯೋಜನೆಯಲ್ಲಿ ಕಾರು ಪಡೆದಿರುವ ಕನ್ನಡ ಬಂಧುಗಳು ಇಂಗ್ಲೆಂಡಿನಲ್ಲಿ ಯಾರಾದರೂ ಇದ್ದರೆ ಕೇಳಿಸಿಕೊಳ್ಳಿ. ದೂರನ್ನು ಬಾಯಲ್ಲಿ ಹೇಳಬೇಡಿ, ದೋಷ ಕಂಡ ದಿನವೇ ಬರೆದು ಕಳಿಸಿ; ಕಾಫಿಯ ಪ್ರಸ್ತಾಪ ಬೇಡ. ಬಾಡಿಗೆ ಸಂಸ್ಥೆಯಿಂದ ಎಂಟು ವಾರದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಫೈನಾನ್ಶಿಯಲ್ ಓಂಬುಡ್ಸ್‌ಮನ್ ಇದ್ದಾರೆ, ಅಲ್ಲಿ ಶುಲ್ಕವಿಲ್ಲ. ಇನ್ನು, ತೋರಿಸಬೇಕಾದದ್ದು ಕಾರಾಗಲಿ ಕಾಲಾಗಲಿ, ಜನವರಿ ತಿಂಗಳಲ್ಲಿ, ಬೆಳಗಿನ ಏಳು ಗಂಟೆಗೆ, ಬಯಲಲ್ಲಿ ನಿಲ್ಲಿಸಿ ತೋರಿಸಿ.