ಸೀಟಿಗೆ ಕರ್ಚೀಫು, ಕೀಗೆ ಆಟೋಲೋಡು

ಇಮ್ಯಾಕ್ಸ್ ಎಡಿಟರ್ ಬಳಸುವವರಲ್ಲಿ ಒಂದು ವಿಚಿತ್ರ ಪಂಗಡವಿದೆ. ಎಡಿಟರ್ ಎಷ್ಟು ಸೆಕೆಂಡಿಗೆ ತೆರೆಯಿತೆಂದು ಅಳೆಯುವುದು ಅವರ ನಿತ್ಯಕರ್ಮ. ಅದಕ್ಕೆಂದೇ ಇಮ್ಯಾಕ್ಸ್-ಇನಿಟ್-ಟೈಮ್ ಎಂಬ ಆಜ್ಞೆಯೂ ಉಂಟು. ಎರಡು ಸೆಕೆಂಡು ಎಂದು ಕಂಡರೆ ಮುಖ ಬಾಡುತ್ತದೆ. ಇಡೀ ಭಾನುವಾರ ಸುರಿದು ಅದನ್ನು ಒಂದಕ್ಕೆ ಇಳಿಸುತ್ತಾರೆ. ಆಮೇಲೆ ಅದೇ ಇಮ್ಯಾಕ್ಸನ್ನು ವಾರಗಟ್ಟಲೆ ಮುಚ್ಚುವುದೇ ಇಲ್ಲ, ಆ ಮಾತು ಬೇರೆ.

ಈ ಮಿತವ್ಯಯಿಗಳ ಮೊದಲ ವ್ರತ, ಬೇಕಾಗುವ ತನಕ ಯಾವ ಪ್ಯಾಕೇಜನ್ನೂ ಲೋಡ್ ಮಾಡದಿರುವುದು. ಬೇಕಾಯಿತೆಂದು ಗೊತ್ತಾಗುವುದು ಯಾವಾಗ? ಶಾರ್ಟ್‌ಕಟ್ ಒತ್ತಿದಾಗ. ಶಾರ್ಟ್‌ಕಟ್ ಎಲ್ಲಿದೆ? ಪ್ಯಾಕೇಜಿನೊಳಗೆ. ಪ್ಯಾಕೇಜ್ ಎಲ್ಲಿ? ಇನ್ನೂ ಲೋಡೇ ಆಗಿಲ್ಲ! ಅದರ ಕೀಮ್ಯಾಪಿಗೆ, ಅಂದರೆ ಕೀಗಳ ಪಟ್ಟಿಗೆ, ತನ್ನದೊಂದು ಕೀ ಸೇರಿಸಲು ಹೊರಟ ಹೊಸಬನಿಗೆ, ಅಂಥ ವೇರಿಯಬಲ್ಲೇ ಇಲ್ಲವೆಂದು ಇಮ್ಯಾಕ್ಸ್ ಮುಲಾಜಿಲ್ಲದೆ ಹೇಳಿಬಿಡುತ್ತದೆ.

ಪರಿಹಾರದ ಹೆಸರು ಆಟೋಲೋಡ್. ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುವ ವಿದ್ಯೆಯೇ ಇದು. ಆಜ್ಞೆಯ ಹೆಸರು ಮಾತ್ರ ಮೊದಲೇ ಬಂದು ಕೂರುತ್ತದೆ. ಕೀ ಒತ್ತಿದ ಮೇಲೆ ಪ್ಯಾಕೇಜ್ ಏದುಸಿರು ಬಿಡುತ್ತ ಹತ್ತಿಕೊಳ್ಳುತ್ತದೆ. 2023ರ ಇಮ್ಯಾಕ್ಸ್ 29ರಿಂದ ಜೊತೆಯಲ್ಲೇ ಬರುವ ಯೂಸ್-ಪ್ಯಾಕೇಜ್‌ನಲ್ಲಿ 'ಬೈಂಡ್' ಎಂದು ಬರೆದರೆ ಈ ಕರ್ಚೀಫ್ ತಾನಾಗಿಯೇ ಬೀಳುತ್ತದೆ. ಬೇರೆ ಎಡಿಟರುಗಳ ಪೈಕಿ ವಿಮ್‌ಗೆ ಇಂಥದೇ ಏರ್ಪಾಡು 2006ರಲ್ಲಿ, ಏಳನೇ ಆವೃತ್ತಿಯೊಂದಿಗೆ ಬಂತು. ವಿಎಸ್ ಕೋಡ್ ಸರ್ಕಾರಿ ಕಚೇರಿಯ ಶಿಸ್ತಿನದು: ಎಕ್ಸ್‌ಟೆನ್ಶನ್ ತನ್ನ ಕೀಗಳನ್ನೆಲ್ಲ ಪ್ಯಾಕೇಜ್ ಡಾಟ್ ಜೇಸನ್ ಎಂಬ ಅರ್ಜಿಯಲ್ಲಿ ಮುಂಚಿತವಾಗಿ ಬರೆದು ಕೊಡಬೇಕು.

ಕರ್ಚೀಫ್ ಎಸೆಯಬೇಕಾದವರು ಯಾರು ಎಂಬಲ್ಲಿ ಜಗಳ ಶುರು. ಬರೀ ಲೋಡ್ ಆದ ಮಾತ್ರಕ್ಕೆ ಪ್ಯಾಕೇಜೊಂದು ಎಡಿಟರಿನ ನಡವಳಿಕೆ ಬದಲಿಸಕೂಡದೆಂದು ಇಮ್ಯಾಕ್ಸ್ ಕೈಪಿಡಿ ಹೇಳುತ್ತದೆ. ಕಂಟ್ರೋಲ್-ಸಿ ಒತ್ತಿ ಒಂದು ಅಕ್ಷರ ಒತ್ತುವ ಜಾಗಗಳೆಲ್ಲ ಬಳಕೆದಾರನ ಪಿತ್ರಾರ್ಜಿತ. ಪ್ಯಾಕೇಜುಗಳು ಅತ್ತ ಸುಳಿಯುವಂತಿಲ್ಲ. ಟಿಪ್ಪಣಿ, ಕೆಲಸಗಳ ಪಟ್ಟಿಗೆ ಬಳಸುವ ಆರ್ಗ್ ಮೋಡ್ ಇದನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತದೆಂದರೆ, ಅಜೆಂಡಾ ತೆರೆಯಲು ಕಂಟ್ರೋಲ್-ಸಿ ಎ ಚೆನ್ನಾಗಿರುತ್ತದೆ ಎಂದು ಸಲಹೆ ಕೊಟ್ಟು, ಕಟ್ಟಿಕೊಳ್ಳುವ ಕೆಲಸವನ್ನು ನಿಮಗೇ ಬಿಟ್ಟು ಕೈತೊಳೆದುಕೊಳ್ಳುತ್ತದೆ. ಸಭ್ಯತೆಯೂ ಹೌದು, ಸೋಮಾರಿತನವೂ ಹೌದು.

ಗಿಟ್ ಕೆಲಸಗಳಿಗೆ ಬಳಸುವ ಮ್ಯಾಗಿಟ್‌ನ ನಡೆ ಇನ್ನೂ ಸೊಗಸು. ಅದು ಬಾಗಿಲಲ್ಲಿ ನಿಂತು, ಬಳಕೆದಾರನ ಸೆಟ್ಟಿಂಗುಗಳಿರುವ ಇನಿಟ್ ಫೈಲ್ ಪೂರ್ತಿ ಓದಿ ಮುಗಿಯುವವರೆಗೆ ಕಾಯುತ್ತದೆ. ಆಮೇಲೆ ಕಂಟ್ರೋಲ್-ಎಕ್ಸ್ ಜಿ ಖಾಲಿ ಇದೆಯೇ ಎಂದು ಇಣುಕುತ್ತದೆ. ಯಾರಾದರೂ ಕೂತಿದ್ದರೆ ತೆಪ್ಪಗಿರುತ್ತದೆ. ನೀವೇ ಮ್ಯಾಗಿಟ್ಟನ್ನು ಬೇರೆ ಕೀಗೆ ಕಟ್ಟಿದ್ದರೂ ಅಷ್ಟೇ, ಎರಡನೇ ಸೀಟಿಗೆ ಆಸೆಪಡುವುದಿಲ್ಲ. ಈ ಜಗಳದಲ್ಲಿ ಯಾರ ಪಕ್ಷವೆಂದು ಕೇಳಿದರೆ, ನಮ್ಮ ಓಟು ಮ್ಯಾಗಿಟ್‌ಗೇ.

ಕನ್ನಡಕ್ಕೂ ಇಲ್ಲೊಂದು ಕರ್ಚೀಫ್ ಇದೆ. 'ಕನ್ನಡ-ಐಟ್ರಾನ್ಸ್' ಎಂಬ ಟೈಪಿಂಗ್ ವಿಧಾನ ಇಮ್ಯಾಕ್ಸಿನ ಪಟ್ಟಿಯಲ್ಲಿ ಹೆಸರಾಗಿ ಮಾತ್ರ ಇರುತ್ತದೆ. ಕಂಟ್ರೋಲ್-ಬ್ಯಾಕ್‌ಸ್ಲ್ಯಾಶ್ ಒತ್ತಿ ಆರಿಸಿಕೊಂಡಾಗಲೇ ಅದರ ಕೋಷ್ಟಕ ಲೋಡ್ ಆಗುವುದು. ಆಗ ಜಿ ಒತ್ತಿದರೆ ಗ್ ಮೂಡುತ್ತದೆ, ಕಂಟ್ರೋಲ್-ಎಕ್ಸ್ ಒತ್ತಿ ಜಿ ಒತ್ತಿದರೆ ಮ್ಯಾಗಿಟ್ಟೇ ಎದ್ದು ಬರುತ್ತದೆ. ಆಪರೇಟಿಂಗ್ ಸಿಸ್ಟಮ್ಮಿನ ಕನ್ನಡ ಕೀಲಿಮಣೆ ಹಾಕಿಕೊಂಡು ವಿಮ್‌ನ ಅಕ್ಷರಗಳೇ ಆಜ್ಞೆಗಳಾಗುವ ನಾರ್ಮಲ್ ಮೋಡಿಗೆ ಹೋದವರು ಮಾತ್ರ, ಆ ಅಕ್ಷರಗಳಿಂದ ಕರ್ಸರ್ ಕದಲಿಸಲು ಮೊದಲು ಇಂಗ್ಲಿಷಿಗೆ ಮರಳಬೇಕು.